ದಾರಿ ಎಂಬ ತುಂಡು ಫೈಲು

ಪತ್ರ ಬರೆಯುವ ಅಂಗಡಿಯಲ್ಲಿ ಕಂಪ್ಯೂಟರಿನ ಮುಂದೆ ಕೂರಲು ಹೊಸದಾಗಿ ಬರುವವರು ಸಲಹೆ ಕೇಳಿದರೆ ನಾನು ಹೇಳುವುದು ಒಂದೇ ಮಾತು. ಪರದೆಯ ಮೇಲೆ ದಪ್ಪಕ್ಷರದಲ್ಲಿ ಒಂದು ಇಂಗ್ಲಿಷ್ ಸಾಲು ಎದ್ದು ಕೂತರೆ ಅದನ್ನು ಅಳಿಸಬೇಡಿ, ಅದು ಯಾಕೆ ಬಂತೆಂದು ನೋಡಿ. ಇಷ್ಟು ಹೇಳಿದರೆ ಅವರು ತಲೆಯಾಡಿಸಿ ಹೋಗುತ್ತಾರೆ, ಎರಡೇ ದಿನಕ್ಕೆ ಮರೆಯುತ್ತಾರೆ. ನಾನೂ ಮರೆತವಳೇ. ಆದ್ದರಿಂದ ನಡೆದದ್ದನ್ನೇ ಬರೆದಿಡುತ್ತೇನೆ.

ನಾನು ಸರೋಜಮ್ಮ. ಕೃಷ್ಣರಾಜಪೇಟೆಯಲ್ಲಿ ನೋಂದಣಿ ಕಛೇರಿಯ ಎದುರು ಸಾಲಿನ ಒಂದು ಅಂಗಡಿಯಲ್ಲಿ ಮೊದಲು ಟೈಪಿಸ್ಟು, ಆಮೇಲೆ ಕಂಪ್ಯೂಟರ್ ಆಪರೇಟರು. ಹುಟ್ಟಿದ್ದು ಶ್ರೀರಂಗಪಟ್ಟಣ. ನಮ್ಮ ತಾತ ಅಲ್ಲಿ ಜಗಲಿಯ ಮೇಲೆ ಕೂತು ಊರವರಿಗೆ ಕ್ರಯಪತ್ರ, ವಿಭಾಗಪತ್ರ ಬರೆದುಕೊಡುತ್ತಿದ್ದರು. ಬರೆಯುವಾಗ ಗಟ್ಟಿಯಾಗಿ ಹೇಳಿಕೊಂಡೇ ಬರೆಯುವುದು ಅವರ ಅಭ್ಯಾಸ. ಬೇರೆ ಮಕ್ಕಳು ಮಗ್ಗಿ ಕಲಿಯುವ ವಯಸ್ಸಿನಲ್ಲಿ ನಾನು ಚಕ್ಕುಬಂದಿ ಕಲಿತೆ. ಪೂರ್ವಕ್ಕೆ ಇಂಥವರ ಜಮೀನು, ಪಶ್ಚಿಮಕ್ಕೆ ಸರ್ಕಾರಿ ಹಳ್ಳ ಎಂದು ಅಡುಗೆಮನೆಯಲ್ಲಿ ಪಾತ್ರೆ ತೊಳೆಯುತ್ತಾ ಹೇಳಿಕೊಳ್ಳುತ್ತಿದ್ದೆನಂತೆ. ತಾತನ ವಾಕ್ಯಗಳಲ್ಲಿ ನನಗೆ ಬಹಳ ಇಷ್ಟವಾದದ್ದು ದಾರಿಯದು. ‘ಸದರಿ ಸ್ವತ್ತಿಗೆ ಹೋಗಿಬರಲು ಮಾಮೂಲು ಬಂಡಿದಾರಿಯಲ್ಲಿ ಆಳು, ಎತ್ತು, ಗಾಡಿ, ನೇಗಿಲು ಹಾಯುವ ಹಕ್ಕೂ, ಕಾಲುವೆಯ ನೀರು ಹಾಯಿಸಿಕೊಳ್ಳುವ ಹಕ್ಕೂ ಉಭಯತ್ರರಿಗೂ ಸಮವಾಗಿ ಇರತಕ್ಕದ್ದು.’ ಇದನ್ನು ಹೇಳುವಾಗ ಎತ್ತಿನ ಗಾಡಿಯೇ ಹೋದಂತೆ ಕೇಳುತ್ತಿತ್ತು ನನಗೆ.

ಅಂಗಡಿಯ ಯಜಮಾನರು ಶಿವಣ್ಣನವರು. ಕೃಷ್ಣರಾಜಪೇಟೆಯದು ದೊಡ್ಡ ಅಂಗಡಿ; ನಾಗಮಂಗಲ, ಪಾಂಡವಪುರ, ಶ್ರೀರಂಗಪಟ್ಟಣದಲ್ಲಿ ಅದರದೇ ಒಂದೊಂದು ಚಿಕ್ಕ ಅಂಗಡಿ. ಅವರಷ್ಟು ಅನುಮಾನದ ಮನುಷ್ಯನನ್ನು ನಾನು ಕಂಡಿಲ್ಲ. ಟೈಪ್ ಮಾಡಿದ ಕಾರ್ಬನ್ ಹಾಳೆಯನ್ನು ಸಂಜೆ ಬೆಳಕಿಗೆ ಹಿಡಿದು ನಾನು ಏನೇನು ಹೊಡೆದಿದ್ದೇನೆಂದು ಓದುತ್ತಿದ್ದರು. ಪಕ್ಷಗಾರರು ಬಂದರೆ ಮುಖ ನೋಡುತ್ತಿರಲಿಲ್ಲ, ಕಾಲು ನೋಡುತ್ತಿದ್ದರು. ಜಮೀನು ಮಾರಲು ಬಂದವನ ಹಿಮ್ಮಡಿ ಒಡೆದಿರದಿದ್ದರೆ ಇನ್ನೊಂದು ದಾಖಲೆ ಕೇಳುತ್ತಿದ್ದರು. “ಕಾಗ್ದ ಸುಳ್ಳು ಯೇಳಕಿಲ್ಲ ಸರೋಜಮ್ಮ, ಕಾಗ್ದದ ಹಿಂದೆ ಇರೋರು ಯೇಳ್ತಾರೆ” ಎನ್ನುತ್ತಿದ್ದರು. ನಗಬೇಡಿ. ಆ ಅನುಮಾನದಿಂದ ಎಷ್ಟೋ ಜನರ ಜಮೀನು ಉಳಿದಿದೆ.

ಅವರು ಬಿಡದೆ ನಡೆಸಿಕೊಂಡು ಬಂದ ಪದ್ಧತಿ ಎಂದರೆ ಪತ್ರವನ್ನು ಓದಿ ಹೇಳುವುದು. ರುಜುವಿಗೆ ಮೊದಲು ಪಕ್ಷಗಾರರನ್ನೆಲ್ಲ ಬೆಂಚಿನ ಮೇಲೆ ಕೂರಿಸಿ ತಲೆಬರಹದಿಂದ ಸಾಕ್ಷಿಯ ಹೆಸರಿನವರೆಗೆ ಗಟ್ಟಿಯಾಗಿ ಓದಬೇಕು. ಆ ಕೆಲಸ ನನ್ನದು. ತಾತನ ಕಂಠ ಬಂದಿತ್ತೋ ಏನೋ, ನಾನು ಓದಲು ನಿಂತರೆ ಪಕ್ಕದ ಟೀ ಅಂಗಡಿಯವರೂ ಸುಮ್ಮನಾಗುತ್ತಿದ್ದರು. ನನಗೂ ಅದರಲ್ಲಿ ಒಂದಿಷ್ಟು ಹಮ್ಮಿತ್ತು, ಅಲ್ಲಗಳೆಯುವುದಿಲ್ಲ.

ಕಂಪ್ಯೂಟರು ಬಂದ ಮೇಲೆ ನಯಾಜ್ ಬಂದ. ಪಾಂಡವಪುರದವನು, ಅವರ ತಂದೆ ಲಾರಿ ಓಡಿಸುತ್ತಿದ್ದರು. ನಮ್ಮ ಪತ್ರಗಳನ್ನೆಲ್ಲ ನೋಡಿ ಒಂದು ವಾರದಲ್ಲಿ ಹೊಸ ಏರ್ಪಾಟು ಮಾಡಿದ. ಅವನು ಅದನ್ನು ಅಚ್ಚು ಎನ್ನುತ್ತಿದ್ದ, ಆಲೆಮನೆಯಲ್ಲಿ ಬೆಲ್ಲ ಹುಯ್ಯುವ ಅಚ್ಚಿನ ಹಾಗೆ. ವಿಭಾಗಪತ್ರಕ್ಕೆ ಒಂದು ಅಚ್ಚು, ಕ್ರಯಪತ್ರಕ್ಕೆ ಒಂದು. ಆದರೆ ಅಚ್ಚಿನ ಒಳಗೆ ಎಲ್ಲ ಮಾತೂ ಇರುತ್ತಿರಲಿಲ್ಲ. ಎಲ್ಲ ಪತ್ರಗಳಿಗೂ ಬೇಕಾಗುವ ಕಲಮುಗಳನ್ನು ಬೇರೆ ಬೇರೆ ಚಿಕ್ಕ ಫೈಲು ಮಾಡಿ ಒಂದು ಫೋಲ್ಡರಿನಲ್ಲಿ ಇಟ್ಟ. ಸಾಕ್ಷಿಯದು ಒಂದು, ನೀರಿನ ತೆರಿಗೆಯದು ಒಂದು, ದಾರಿಯದು ಒಂದು; ದಾರಿಯದಕ್ಕೆ ನಾನು ಕೊಟ್ಟದ್ದು ತಾತನ ವಾಕ್ಯವನ್ನೇ. ಅವಕ್ಕೆ ನಾವು ತುಂಡು ಫೈಲು ಎಂದು ಹೆಸರಿಟ್ಟೆವು. ಅಚ್ಚು ತೆರೆದಾಗ ಅದು ತುಂಡುಗಳನ್ನು ತಾನೇ ಹುಡುಕಿ ತಂದು ಜಾಗಕ್ಕೆ ಕೂರಿಸುತ್ತಿತ್ತು. ಶಿವಣ್ಣನವರು ಒಂದು ಪದ ತಿದ್ದಿದರೆ ಎಲ್ಲ ಪತ್ರಗಳಲ್ಲೂ ತಿದ್ದಿದ ಹಾಗೆ. ಪ್ರತಿ ಸೋಮವಾರ ಆ ಫೋಲ್ಡರು ಪೆನ್‌ಡ್ರೈವಿನಲ್ಲಿ ಬಸ್ಸು ಹತ್ತಿ ಮೂರೂ ಊರಿಗೆ ಹೋಗುತ್ತಿತ್ತು.

ನಾಗಮಂಗಲದಲ್ಲಿ ಮೊದಲ ಎಡವಟ್ಟು. ಅಲ್ಲಿನ ಕಂಪ್ಯೂಟರಿನಲ್ಲಿ ಫೋಲ್ಡರು ಕೂತದ್ದು ಬೇರೆ ಡ್ರೈವಿನಲ್ಲಿ. ಅಚ್ಚು ಹಳೆಯ ವಿಳಾಸಕ್ಕೆ ಹೋಗಿ ಹುಡುಕಿತು, ತುಂಡು ಸಿಗಲಿಲ್ಲ. ಫೈಲು ಇಲ್ಲ ಎಂದು ಇಂಗ್ಲಿಷಿನಲ್ಲಿ ದಪ್ಪಕ್ಷರದ ಸಾಲೊಂದನ್ನು ಪತ್ರದ ನಡುವೆ ಬರೆದುಬಿಟ್ಟಿತು. ಯಾರೂ ನೋಡದೆ ಮುದ್ರಿಸಿದರು. ಕೊಳ್ಳಲು ಬಂದ ಮುದುಕರೊಬ್ಬರು ಆ ಸಾಲಿನ ಮೇಲೆ ಬೆರಳಿಟ್ಟು ಇದೇನೆಂದು ಕೇಳಿದ್ದಾರೆ. ಯಾರಿಗೂ ಗೊತ್ತಿಲ್ಲ. ಓಹೋ, ಜಮೀನಿನ ಮೇಲೆ ಕೋರ್ಟಿನ ತಡೆಯಾಜ್ಞೆ ಇದೆ, ಮುಚ್ಚಿಟ್ಟು ಮಾರುತ್ತಿದ್ದಾರೆ ಎಂದು ಚಪ್ಪಲಿ ಮೆಟ್ಟಿಕೊಂಡು ಎದ್ದೇಬಿಟ್ಟರು. ಅವರನ್ನು ಬಸ್ ನಿಲ್ದಾಣದಿಂದ ವಾಪಸು ಕರೆತರಲು ಮಧ್ಯಾಹ್ನವಾಯಿತು. ನಯಾಜ್ ಹೋಗಿ ತುಂಡುಗಳ ಫೋಲ್ಡರನ್ನು ಅಚ್ಚಿನ ಪಕ್ಕದಲ್ಲೇ ಇಟ್ಟು, ಎಲ್ಲಿಗೆ ಹೋದರೂ ಎರಡೂ ಜೊತೆಗೇ ಹೋಗಬೇಕೆಂದು ಕಟ್ಟುಮಾಡಿದ.

ಪಾಂಡವಪುರದ್ದು ಇನ್ನೊಂದು ಬಗೆ. ಅಲ್ಲಿ ಚಕ್ಕುಬಂದಿಯನ್ನೂ ಸ್ವತ್ತಿಗೊಂದರಂತೆ ತುಂಡು ಫೈಲು ಮಾಡಿಟ್ಟಿದ್ದರು. ಪೇಟೆ ಬೀದಿಯ ನಿವೇಶನಕ್ಕೆ ಉತ್ತರಕ್ಕೆ ಕೆರೆ ಏರಿ ಎಂದು ಚಕ್ಕುಬಂದಿ ಬಂತು. ಕೊಂಡವರು ಬಂದು, “ನಮ್ ಗೋಡೆ ಹಿಂದ್ಕೆ ಹಿಟ್ಟಿನ ಗಿರಣಿ ಅದೆ ಕಣಮ್ಮ. ಕೆರೆ ಯಾವಾಗ ಬಂತು?” ಎಂದರು. ಹಿಂದಿನ ಪತ್ರವನ್ನೇ ತೆರೆದು ಹೆಸರು ಬದಲಿಸಿದ್ದರಿಂದ ಅದು ಹೊಸ ತುಂಡನ್ನು ಹುಡುಕದೆ, ಆಗ ತಂದಿದ್ದ ಮಾತನ್ನೇ ಇಟ್ಟುಕೊಂಡು ತೋರಿಸಿತ್ತು. ಹೊಸದಾಗಿ ಹುಡುಕು ಎಂದು ಹೇಳದಿದ್ದರೆ ಅದು ಹಳೆಯ ನೆನಪನ್ನೇ ನಿಜವೆಂದು ನಂಬಿಸುತ್ತದೆ. ಅಂದಿನಿಂದ ಶಿವಣ್ಣನವರ ಆಜ್ಞೆ: ಮುದ್ರಿಸುವ ಮೊದಲು ಎಲ್ಲ ತುಂಡುಗಳನ್ನೂ ಮತ್ತೆ ಹುಡುಕಿಸಬೇಕು.

ಹುಡುಕಿಸಿದಾಗ ಆಗೊಮ್ಮೆ ಈಗೊಮ್ಮೆ ಆ ಇಂಗ್ಲಿಷ್ ಸಾಲು ಬರುತ್ತಿತ್ತು. ಹೆಚ್ಚಿನ ಸಲ ನಮಗೆ ಬೇಡದ ತುಂಡಿಗೇ ಬರುತ್ತಿತ್ತು. ಸೈಟಿನ ಪತ್ರಗಳ ಪಕ್ಕದಲ್ಲಿ ನೀರಿನ ತೆರಿಗೆಯ ತುಂಡನ್ನು ಇಟ್ಟೇ ಇರಲಿಲ್ಲ, ಸೈಟಿಗೆ ಅದು ಯಾಕೆ? ನಾನು ಆ ಸಾಲನ್ನು ಅಳಿಸಿ ಮುಂದೆ ಹೋಗುತ್ತಿದ್ದೆ. ಕನ್ನಡದ ಪತ್ರದ ನಡುವೆ ಅದು ಅನ್ನದಲ್ಲಿ ಕಲ್ಲಿನ ಹಾಗೆ. ಕ್ರಮೇಣ ಕಣ್ಣಿಗೆ ಕಾಣುವ ಮೊದಲೇ ಬೆರಳು ಅಳಿಸುವಷ್ಟು ಅಭ್ಯಾಸವಾಯಿತು.

ನಯಾಜ್ ಕೆಲಸ ಬಿಟ್ಟು ಪಾಂಡವಪುರದಲ್ಲಿ ಸ್ವಂತ ಅಂಗಡಿ ಹಾಕಿದ. ಶಿವಣ್ಣನವರು ಅವನು ಕೂರುತ್ತಿದ್ದ ಕುರ್ಚಿಯನ್ನೂ ಅನುಮಾನದಿಂದ ನೋಡತೊಡಗಿದರು. ಪ್ರಿಂಟರಿನಲ್ಲಿ ಹಾಳೆ ಸಿಕ್ಕಿಕೊಂಡರೂ ಅವನೇ ಏನೋ ಮಾಡಿಟ್ಟು ಹೋಗಿದ್ದಾನೆ ಎನ್ನುತ್ತಿದ್ದರು. ಕೇಳಿ ಕೇಳಿ ನನಗೂ ಹಾಗೇ ಅನ್ನಿಸತೊಡಗಿತು. ಮನೆಯಿಂದ ಶಾವಿಗೆ ತಂದು ಕೊಡುತ್ತಿದ್ದ ಹುಡುಗ, ನನ್ನನ್ನು ತನ್ನ ಸ್ವಂತ ಅಕ್ಕನಂತೆ ಆಪಾ ಎಂದು ಕರೆಯುತ್ತಿದ್ದವನು. ಅನುಮಾನಕ್ಕೆ ಶಾವಿಗೆಯ ರುಚಿ ನೆನಪಿರುವುದಿಲ್ಲ.

ಇನ್ನು ಅಕ್ಕಿಹೆಬ್ಬಾಳಿನ ವಿಷಯ. ಹೇಮಾವತಿ ದಂಡೆಯ ಊರು. ಅಲ್ಲಿಯ ಬೋರೇಗೌಡರು ಮತ್ತು ಶೀಳನೆರೆಗೆ ಕೊಟ್ಟಿದ್ದ ಅವರ ತಂಗಿ ಚಿಕ್ಕತಾಯಮ್ಮ ತಂದೆಯ ಜಮೀನನ್ನು ಪಾಲು ಮಾಡಿಕೊಳ್ಳಲು ನಮ್ಮಲ್ಲಿಗೆ ಬಂದರು. ಅಣ್ಣನಿಗೆ ರಸ್ತೆ ಕಡೆಯದು, ತಂಗಿಗೆ ಹಿಂದಿನದು. ಹಿಂದಿನ ಜಮೀನಿಗೆ ಅಣ್ಣನ ಜಮೀನಿನ ಬದುವಿನ ಮೇಲೆಯೇ ದಾರಿ. ಮಾತುಕತೆಯಲ್ಲಿ ಏನೂ ತಕರಾರಿರಲಿಲ್ಲ. ನಾನು ಪತ್ರ ಮಾಡಿ, ಮುದ್ರಿಸಿ, ಬೆಂಚಿನ ಮೇಲೆ ಕೂರಿಸಿ ಓದಿ ಹೇಳಿದೆ. ಇಬ್ಬರೂ ಹಾಳೆ ಹಾಳೆಗೂ ರುಜು ಹಾಕಿದರು.

ಕಬ್ಬು ಕಟಾವಿಗೆ ಬರುವ ಹೊತ್ತಿಗೆ ಚಿಕ್ಕತಾಯಮ್ಮ ಒಬ್ಬರೇ ಬಸ್ಸಿಳಿದು ಅಂಗಡಿಗೆ ಬಂದರು. ಕವರಿನಿಂದ ಪತ್ರ ತೆಗೆದು ನನ್ನ ಮುಂದಿಟ್ಟರು. ಕಾರ್ಖಾನೆಯಿಂದ ಕಟಾವಿನ ಆರ್ಡರು ಬಂದಿದೆ, ಗುರುವಾರ ಕಬ್ಬು ಕಡಿಯುವ ಗ್ಯಾಂಗು ಬರುತ್ತದೆ, ಅಣ್ಣ ಬದುವಿಗೆ ಮುಳ್ಳು ಹಾಕಿದ್ದಾನೆ. ಈ ಸರತಿ ತಪ್ಪಿದರೆ ಮತ್ತೆ ಯಾವಾಗಲೋ, ಅಷ್ಟರಲ್ಲಿ ಕಬ್ಬು ಹೂವಾಗಿ ಬೆಂಡಾಗುತ್ತದೆ. ಪತ್ರದಲ್ಲಿ ದಾರಿಯೇ ಇಲ್ಲವೆಂದು ಅಣ್ಣ ಹೇಳುತ್ತಿದ್ದಾನೆ.

“ನಿಮ್ ಬಾಯಿಂದ್ಲೇ ಕೇಳಿವ್ನಿ ಕಣಮ್ಮ. ಆಳು, ಎತ್ತು, ಗಾಡಿ ಅಂತ ಓದುದ್ರಿ. ಈಗ ಎತ್ತು ಎಲ್ಲೋದೊ?” ಎಂದರು.

ನನಗೂ ಓದಿದ್ದು ಚೆನ್ನಾಗಿ ನೆನಪಿತ್ತು. ಎರಡು ಸಲ ಪತ್ರವನ್ನು ತಿರುವಿದೆ. ನೀರಿನ ತೆರಿಗೆಯ ಕಲಮಿತ್ತು, ಅದರ ಕೆಳಗೆ ನೇರ ಸಾಕ್ಷಿಯ ಕಲಮು. ನಡುವೆ ದಾರಿ ಇರಲಿಲ್ಲ.

ಶಿವಣ್ಣನವರು ಹಾಳೆಗಳನ್ನು ಬೆಳಕಿಗೆ ಹಿಡಿದರು. ಓದಿದ್ದು ನಿಜವಾದರೆ ಬರೆದಿದ್ದೂ ನಿಜ; ಆಮೇಲೆ ಯಾರೋ ಹಾಳೆ ಬದಲಾಯಿಸಿದ್ದಾರೆ ಎಂಬುದು ಅವರ ಲೆಕ್ಕ. ಬೋರೇಗೌಡರದೇ ಕೆಲಸ ಎಂದರು. ಆದರೆ ಪ್ರತಿ ಹಾಳೆಯಲ್ಲೂ ಇಬ್ಬರ ರುಜು, ಸಾಕ್ಷಿಗಳ ರುಜು, ಕಛೇರಿಯ ಮೊಹರು ಸರಿಯಾಗಿದ್ದವು. ನಮ್ಮ ಕಂಪ್ಯೂಟರಿನಲ್ಲಿದ್ದ ಪ್ರತಿಯಲ್ಲೂ ದಾರಿ ಇರಲಿಲ್ಲ. ಫೋಲ್ಡರು ತೆರೆದರೆ ದಾರಿಯ ತುಂಡು ಫೈಲೇ ಇಲ್ಲ.

“ನಯಾಜು,” ಎಂದರು ಶಿವಣ್ಣನವರು.

ನಾನು ಹೂಂ ಎಂದೆ. ಆ ಹೂಂ ಇವತ್ತಿಗೂ ಗಂಟಲಲ್ಲಿದೆ.

ಮಾರನೆಯ ದಿನ ಪಾಂಡವಪುರದ ಬಸ್ಸು ಹತ್ತಿದೆ. ಜಗಳಕ್ಕೆಂದೇ ಹೋಗಿದ್ದೆ. ನಯಾಜ್ ನನ್ನನ್ನು ಕಂಡು ಎದ್ದು ಕುರ್ಚಿ ಒರೆಸಿದ. ಫೈಲು ಅಳಿಸಿದ್ದು ಯಾಕೆ ಎಂದು ನಿಂತೇ ಕೇಳಿದೆ. ಅವನ ಮುಖ ಸಣ್ಣಗಾಯಿತು.

“ಅಲ್ಲಾ ಕಸಂ, ನಾನು ಮುಟ್ಟಿಲ್ಲ ಆಪಾ. ಆಯ್ತು, ನಾನೇ ಅಳಿಸ್ದೆ ಅಂತ ಇಟ್ಕೊಳ್ಳಿ. ಮೇಷಿನ್ನು ಸುಮ್ನೆ ಇರಲ್ವಲ್ಲ. ಫೈಲಿಲ್ಲ ಅಂತ ಇಂಗ್ಲಿಷಲ್ಲಿ ಕೂಗಿರ್ಬೇಕು. ಆ ಸಾಲು ಎಲ್ಲೋಯ್ತು?”

ನಾನು ಕೂತೆ.

ಅವನು ಟೀ ತರಿಸಿದ. ಆ ಫೋಲ್ಡರನ್ನು ಕೊನೆಗೆ ಮುಟ್ಟಿದವರು ಯಾರೆಂದು ಮೆಲ್ಲಗೆ ಕೇಳಿದ. ಆಗ ನೆನಪಾಯಿತು. ಆಯುಧಪೂಜೆಗೆ ಅಂಗಡಿ ತೊಳೆದು, ಕಂಪ್ಯೂಟರಿನ ಧೂಳು ಒರೆಸಿ, ಕುಂಕುಮ ಇಡುವ ಮೊದಲು ಒಳಗಿನ ಕಸವನ್ನೂ ತೆಗೆಯೋಣ ಎಂದುಕೊಂಡಿದ್ದೆ. ಫೈಲುಗಳನ್ನು ತಾರೀಖಿನ ಪ್ರಕಾರ ಸಾಲಾಗಿ ನಿಲ್ಲಿಸಿ, ಬಹಳ ಕಾಲದಿಂದ ಯಾರೂ ತಿದ್ದದ ಚಿಕ್ಕ ಚಿಕ್ಕವನ್ನು ಎತ್ತಿ ಬಿಸಾಡಿದೆ. ಉಳಿದ ಕಲಮುಗಳನ್ನು ಶಿವಣ್ಣನವರು ತಿಂಗಳಿಗೊಮ್ಮೆ ಕೆದಕುತ್ತಿದ್ದರು, ಆದ್ದರಿಂದ ಅವಕ್ಕೆ ಹೊಸ ತಾರೀಖು. ದಾರಿಯದನ್ನು ಮಾತ್ರ ಯಾರೂ ಮುಟ್ಟಿರಲಿಲ್ಲ. ತಾತನ ಮಾತಿನಲ್ಲಿ ತಿದ್ದಲು ಏನೂ ಇರಲಿಲ್ಲ. ಅದಕ್ಕೇ ಅದು ಪಟ್ಟಿಯ ತಳದಲ್ಲಿತ್ತು, ಅದಕ್ಕೇ ಕಸವಾಯಿತು.

ಬಿಸಾಡಿದ್ದೂ ನಾನು, ಇಲ್ಲವೆಂದು ಕೂಗಿದ್ದನ್ನು ಅಳಿಸಿದ್ದೂ ನಾನು. ತಪ್ಪಾಯಿತು ಕಣಪ್ಪ ಎಂದೆ. ನಯಾಜ್ ತನ್ನಲ್ಲಿದ್ದ ಹಳೆಯ ಪ್ರತಿಯಿಂದ ದಾರಿಯ ಫೈಲನ್ನು ಪೆನ್‌ಡ್ರೈವಿಗೆ ಹಾಕಿಕೊಟ್ಟ. ನಾನು ಎದ್ದು ಹೊರಡುವಾಗ, “ಒಂದು ಮಾತ್ರ ಗೊತ್ತಾಗ್ತಿಲ್ಲ ಆಪಾ. ಕಾಗ್ದದಲ್ಲಿ ಇರ್ಲಿಲ್ಲ ಅಂದ್ಮೇಲೆ ನೀವು ಓದಿದ್ದು ಎಲ್ಲಿಂದ?” ಎಂದ.

ನನಗೂ ಗೊತ್ತಿರಲಿಲ್ಲ. ಬಸ್ಸಿನಲ್ಲಿ ಕೂತು ಎಲ್ಲರನ್ನೂ ಒಬ್ಬೊಬ್ಬರಾಗಿ ಅನುಮಾನಿಸಿದೆ. ಶಿವಣ್ಣನವರನ್ನೂ ಬಿಡಲಿಲ್ಲ.

ಪತ್ರ ತಿದ್ದಬೇಕಾದರೆ ಇಬ್ಬರೂ ಒಪ್ಪಿ ತಿದ್ದುಪಡಿ ಪತ್ರಕ್ಕೆ ರುಜು ಹಾಕಬೇಕು. ಒಬ್ಬರು ಒಲ್ಲೆ ಎಂದರೆ ಕೋರ್ಟೇ ದಾರಿ, ಕಬ್ಬು ಅಲ್ಲಿಯತನಕ ಕಾಯುವುದಿಲ್ಲ. ಬುಧವಾರ ಬೆಳಿಗ್ಗೆ ಶಿವಣ್ಣನವರೂ ನಾನೂ ಚಿಕ್ಕತಾಯಮ್ಮನವರೊಂದಿಗೆ ಅಕ್ಕಿಹೆಬ್ಬಾಳಿಗೆ ಹೋದೆವು. ನನ್ನ ತಪ್ಪು ಆಗಲೇ ತಿಳಿದಿದ್ದ ಶಿವಣ್ಣನವರು ಹೋಗುವ ದಾರಿಯುದ್ದಕ್ಕೂ ನನಗೆ ಪಾಠ ಹೇಳಿದರು. ಮೇಷಿನ್ನಿನ ದೋಷ ಅನ್ನು, ನಿನ್ನ ಹೆಸರು ಎತ್ತಬೇಡ, ನಾಳೆ ಯಾರೂ ನಮ್ಮಲ್ಲಿ ಪತ್ರ ಮಾಡಿಸುವುದಿಲ್ಲ.

ಬೋರೇಗೌಡರು ಹೊಲದ ಬದುವಿನ ಮೇಲೆ, ಮುಳ್ಳಿನ ಈಚೆಗೆ ನಿಂತಿದ್ದರು. ತಂಗಿಯ ಮುಖ ನೋಡಲಿಲ್ಲ. ನಾನು ಪಾಠ ಒಪ್ಪಿಸಿದೆ, ಮೇಷಿನ್ನಿನ ದೋಷ ಎಂದೆ.

“ಬರೆದಿದ್ದು ಮೇಷಿನ್ನು. ಸರಿ. ಓದಿದ್ದೂ ಮೇಷಿನ್ನೇನವ್ವ?” ಎಂದರು ಗೌಡರು.

ನಾನು ಶಿವಣ್ಣನವರ ಕಡೆ ನೋಡಿದೆ.

“ದಾರಿ ಕೊಡಾಕಿಲ್ಲ ಅಂತ ನಾನೆಲ್ಲಂದೆ? ಸಾಲಕ್ಕೆ ಅಂತ ಬ್ಯಾಂಕಿಗೆ ಹೋದ್ರೆ ಅಲ್ಲಿ ಲಾಯರು ಓದಿ ದಾರಿ ಇಲ್ಲ ಅಂದ್ರು. ನೀನು ಓದಿದ್ದು ಒಂದು, ಕಾಗ್ದದಲ್ಲಿರಾದು ಇನ್ನೊಂದು. ದಾರಿನೇ ಮಾಯ ಮಾಡಿರೋರು ನನ್ ಪಾಲಲ್ಲಿ ಏನೇನ್ ಮಾಯ ಮಾಡವ್ರೋ, ಅದು ತಿಳಿಯೋಗಂಟ ಮುಳ್ಳು ತೆಗಿಯಾಕಿಲ್ಲ. ಇವ್ಳೂ ನೀವೂ ಸೇರ್ಕಂಡು ಈಗ ಇನ್ನೊಂದು ಕಾಗ್ದಕ್ಕೆ ರುಜು ಆಕು ಅಂತೀರಿ.”

“ಅಣ್ಣ, ನಾನ್ಯಾಕ್ ನನ್ ದಾರಿನೇ ಕಳ್ಕಳ್ಳಿ? ನನ್ಗೇನ್ ಬುದ್ಧಿ ಇಲ್ವಾ?” ಎಂದರು ಚಿಕ್ಕತಾಯಮ್ಮ.

“ಅದ್ನೇ ಕಣ್ ನಾನೂ ಯೋಚ್ನೆ ಮಾಡ್ತಿರಾದು,” ಎಂದರು ಗೌಡರು. “ನಿಂಗೆ ಬುದ್ಧಿ ಜಾಸ್ತಿ.”

ಅವರ ಸಿಟ್ಟಿನಲ್ಲಿ ನ್ಯಾಯವಿತ್ತು. ನಾವು ಅವರನ್ನು ಹಾಳೆ ಬದಲಾಯಿಸಿದವರೆಂದು ಅನುಮಾನಿಸಿದ್ದೆವು, ಅವರು ನಮ್ಮನ್ನು. ಕಿವಿಯಾರೆ ಕೇಳಿದ್ದು ಕಾಗದದಲ್ಲಿಲ್ಲ ಎಂದರೆ ಯಾರಾದರೂ ಇನ್ನೇನು ತಿಳಿಯಬೇಕು?

ಗೌಡರು ಜೇಬಿನಿಂದ ಕನ್ನಡಕ ತೆಗೆದರು. ಲಾಯರಿಗೆ ತೋರಿಸಿದ್ದ ತಮ್ಮ ಪ್ರತಿಯನ್ನು ಚೀಲದಿಂದ ತೆಗೆದು ಬದುವಿನ ಮೇಲೆ ಕೂತರು. ತಂಗಿಯ ಪ್ರತಿಯನ್ನು ನನ್ನ ಕೈಗೆ ಕೊಡಿಸಿದರು.

“ಅವತ್ತಿನಂಗೇ ಓದು. ನಾನು ಬೆರಳಿಟ್ಕಂಡು ನೋಡ್ತೀನಿ.”

ನಾನು ಓದಿದೆ. ಎರಡನೆಯ ಹಾಳೆಯ ಹೊತ್ತಿಗೆ ತಾತನ ಲಯ ಸಿಕ್ಕಿತು. ಷೆಡ್ಯೂಲು, ಚಕ್ಕುಬಂದಿ, ನೀರಿನ ತೆರಿಗೆ. ಓದುತ್ತಾ ಹೋದೆ. ಒಂದು ಕಡೆ ಗೌಡರ ಬೆರಳು ನಿಂತಿತು. ನಾನು ಗಮನಿಸಲಿಲ್ಲ. ಓದುತ್ತಲೇ ಇದ್ದೆ. ಅವರು ಕೈಯೆತ್ತಿದಾಗ ನಿಲ್ಲಿಸಿದೆ.

“ಈಗೇನವ್ವ ಓದ್ದೆ?”

“ದಾರಿ ಗೌಡ್ರೆ. ಆಳು, ಎತ್ತು, ಗಾಡಿ…” ಎಂದವಳು ಕೈಯಲ್ಲಿದ್ದ ಹಾಳೆ ನೋಡಿದೆ. ನೀರಿನ ತೆರಿಗೆ, ಅದರ ಕೆಳಗೆ ಸಾಕ್ಷಿ. ನನ್ನ ಕಣ್ಣು ಎರಡರ ನಡುವಿನ ಬಿಳಿ ಜಾಗದಲ್ಲಿತ್ತು. ಬಾಯಿ ಮಾತ್ರ ಶ್ರೀರಂಗಪಟ್ಟಣದ ಜಗಲಿಯಿಂದ ಓದಿತ್ತು. ಇಲ್ಲವೆಂದು ಗೊತ್ತಿದ್ದೂ, ಅದಕ್ಕೇ ಅಲ್ಲಿಯ ತನಕ ಬಂದಿದ್ದೂ, ಮತ್ತೆ ಓದಿದ್ದೆ.

ಶಿವಣ್ಣನವರು ನನ್ನ ಕಡೆ ನೋಡಲೇ ಇಲ್ಲ, ಕಬ್ಬು ನೋಡುತ್ತಿದ್ದರು. ನಾನು ಪಾಠವನ್ನು ಬದಿಗಿಟ್ಟು ಎಲ್ಲವನ್ನೂ ಹೇಳಿದೆ. ಆಯುಧಪೂಜೆ, ಕಸ, ಇಂಗ್ಲಿಷ್ ಸಾಲು, ಅಳಿಸುವ ಬೆರಳು.

ಗೌಡರು ಕನ್ನಡಕ ಮಡಿಸಿದರು. “ಅವತ್ತೂ ಇಂಗೇ ಓದ್ದೆ ಕಣವ್ವ. ಇದೇ ರಾಗ.” ಆಮೇಲೆ ತಂಗಿಯ ಕಡೆ ತಿರುಗಿ, “ನಾಳೆ ಗ್ಯಾಂಗು ಬರ್ಲಿ. ಆ ಮುಳ್ಳು ಎತ್ತಾಕು, ಕೂತ್ಕಂಡು ಏನ್ ನೋಡ್ತೀಯ?” ಎಂದರು.

“ಆಕ್ದೋನು ನೀನು, ಎತ್ತೋಳು ನಾನಾ?” ಎಂದು ಚಿಕ್ಕತಾಯಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿದರು. ಕೊನೆಗೆ ಇಬ್ಬರೂ ಸೇರಿ ಎತ್ತಿದರು.

ಕಟಾವು ಮುಗಿದ ಮೇಲಿನ ವಾರ ತಿದ್ದುಪಡಿ ಪತ್ರಕ್ಕೆ ಇಬ್ಬರೂ ಅಂಗಡಿಗೆ ಬಂದರು. ಅಂದು ನಾನು ಓದಲಿಲ್ಲ. ಗೌಡರು ಬಿಡಲಿಲ್ಲ. “ನೀನು ಓದ್ಬ್ಯಾಡ ಕಣವ್ವ, ನಿನ್ ಬಾಯಿಗೆ ಕಾಗ್ದನೇ ಬೇಕಾಗಿಲ್ಲ,” ಎಂದು ತಾವೇ ಕನ್ನಡಕ ಹಾಕಿಕೊಂಡು, ಬೆರಳಿಟ್ಟು, ಅಕ್ಷರ ಅಕ್ಷರ ಕೂಡಿಸಿ ಓದಿದರು. ಹಿಂದೆ ಕಾಯುತ್ತಿದ್ದವರು ಗೊಣಗಿದರು. ಶಿವಣ್ಣನವರು ಅವರನ್ನೆಲ್ಲ ಸುಮ್ಮನಿರಿಸಿದರು. ಅಲ್ಲಿಂದಾಚೆಗೆ, ನಾನು ಕೆಲಸದಿಂದ ನಿಲ್ಲುವವರೆಗೂ, ನಮ್ಮ ಅಂಗಡಿಯಲ್ಲಿ ಒಬ್ಬರು ಓದಿದರೆ ಇನ್ನೊಬ್ಬರು ಪ್ರತಿಯ ಮೇಲೆ ಬೆರಳಿಟ್ಟು ನೋಡುವ ಪದ್ಧತಿ ನಡೆಯಿತು. ನೀವೂ ಹಾಗೆ ಮಾಡಿ. ತುಂಡು ಫೈಲು ಸಿಗದಿದ್ದರೆ ಮೇಷಿನ್ನು ಕೂಗುತ್ತದೆ, ನಮ್ಮ ತಲೆ ಕೂಗುವುದಿಲ್ಲ, ತಾನೇ ತುಂಬಿಕೊಳ್ಳುತ್ತದೆ.

ಅಂದು ಓದುತ್ತಾ ಗೌಡರ ಬೆರಳು ದಾರಿಯ ಕಲಮಿಗೆ ಬಂತು. ಆಳು, ಎತ್ತು, ಗಾಡಿ, ನೇಗಿಲು ಎಂದು ಓದಿ ಅಲ್ಲೇ ನಿಂತರು. ಇನ್ನೇನು ಅನುಮಾನವೋ ಎಂದುಕೊಂಡೆ.

“ಇಲ್ಲಿ ಟ್ರಾಕ್ಟರು, ಲಾರಿ ಅಂತ್ಲೂ ಸೇರ್ಸು,” ಎಂದರು. “ನನ್ ಕಾಲ ಆದ್ಮೇಲೆ ನನ್ ಮಗ ಇವಳ ಟ್ರಾಕ್ಟರು ನಿಲ್ಸಿ, ಕಾಗ್ದದಲ್ಲಿ ಎತ್ತಿನ ಗಾಡಿಗೆ ಮಾತ್ರ ದಾರಿ ಅಂತ ಅಂದಾನು. ಅವನನ್ನ ನಂಬಾಕಾಗಕಿಲ್ಲ.”

ಚಿಕ್ಕತಾಯಮ್ಮ ಅಣ್ಣನನ್ನು ನೋಡಿದರು.

ಆ ಪದಗಳನ್ನು ನಾನು ಆ ಒಂದು ಪತ್ರಕ್ಕೆ ಮಾತ್ರ ಸೇರಿಸಲಿಲ್ಲ. ನಯಾಜ್ ಕೊಟ್ಟಿದ್ದ ತುಂಡು ಫೈಲನ್ನೇ ತೆರೆದು, ತಾತನ ವಾಕ್ಯದ ನಡುವೆ, ನೇಗಿಲಿನ ಪಕ್ಕದಲ್ಲಿ ಟ್ರಾಕ್ಟರು, ಲಾರಿ ಎಂದು ಸೇರಿಸಿ ಉಳಿಸಿದೆ. ಮತ್ತೆ ಹುಡುಕಿಸಿದಾಗ ಪತ್ರದಲ್ಲಿ ದಾರಿ ಬಂದು ಕೂತಿತು, ಇಂಗ್ಲಿಷ್ ಸಾಲು ಬರಲಿಲ್ಲ. ಫೋಲ್ಡರಿನ ಪಟ್ಟಿ ನೋಡಿದೆ. ದಾರಿಯ ಫೈಲಿಗೆ ಅಂದಿನ ತಾರೀಖು ಬಿದ್ದು, ಅದು ತಳದಿಂದ ಎಲ್ಲಕ್ಕಿಂತ ಮೇಲಕ್ಕೆ ಬಂದಿತ್ತು.